ಕೋಟೆಯ ಮೇಲಿನ ಐವತ್ತು ನಿಮಿಷ

ಕನ್ನಡಕದಂಗಡಿಯ ಮೇಲಿನ ಮಹಡಿಯಲ್ಲಿ ಎರಡೇ ಕೋಣೆಯ ಒಂದು ಟ್ರಾವೆಲ್ ಆಫೀಸು. ಅದರ ಒಳಕೋಣೆಯಲ್ಲಿ, ಕಿಟಕಿಯ ಪಕ್ಕದ ಮೇಜಿನಲ್ಲಿ ಹದಿನಾರು ವರ್ಷದಿಂದ ಕೂತಿರುವ ಹೆಂಗಸನ್ನು ಎಲ್ಲರೂ ಪಟ್ಟಿಯಮ್ಮ ಎಂದೇ ಕರೆಯುವುದು. ಅವಳ ಕೆಲಸ ಪಟ್ಟಿ ಮಾಡುವುದು. ಗಾಲ್ಫ್ ಆಡಲೆಂದು ಕಡಲತೀರಕ್ಕೆ ಹೋಗುವ ಉಳ್ಳವರು ಎಷ್ಟು ಗಂಟೆಗೆ ಏಳಬೇಕು, ಯಾವ ಮೈದಾನದಲ್ಲಿ ಎಷ್ಟು ಹೊತ್ತು ಆಡಬೇಕು, ಯಾವ ಹಳೆಯ ಕೋಟೆಯ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳಬೇಕು, ಊಟ ಎಲ್ಲಿ, ಕಾಲು ಚಾಚುವುದು ಎಲ್ಲಿ, ಎಲ್ಲವೂ ಅವಳ ಪೆನ್ಸಿಲ್ಲಿನಿಂದಲೇ ಇಳಿಯಬೇಕು. ಅವಳು ಬರೆದರೆ ಮುಗಿಯಿತು, ಅದನ್ನು ಯಾರೂ ಕೇಳುವ ಹಾಗಿಲ್ಲ.

ಪಟ್ಟಿ ಮಾಡುವುದರಲ್ಲಿ ಅವಳದೇ ಒಂದು ಕ್ರಮವಿತ್ತು. ಬರೆದು ಮುಗಿಸಿದ ಮೇಲೆ ಅಡಿಗೆಮನೆಯಿಂದ ತಂದಿಟ್ಟುಕೊಂಡ ಪುಟ್ಟ ಅಲಾರಾಂ ಗಡಿಯಾರವನ್ನು ಎದುರಿಗಿಟ್ಟು ಕಣ್ಣು ಮುಚ್ಚುವಳು. ಬಾಯಲ್ಲಿ ಪಿಸಪಿಸ ಶುರು. "ವ್ಯಾನು ನಿಂತಿತು. ಇಳಿದರು. ಹೊಟ್ಟೆಯಿರೋ ಯಜಮಾನರು ಕೊನೆಗಿಳಿದರು. ಬ್ಯಾಗು ತೆಗೆದರು. ಒಬ್ಬರು ಟೊಪ್ಪಿಗೆ ಮರೆತರು, ವಾಪಸ್ ಹೋದರು." ಹೀಗೆ ಇಡೀ ಪ್ರವಾಸವನ್ನು ಕುರ್ಚಿಯಲ್ಲೇ ಮಾಡಿ, ಎಲ್ಲೆಲ್ಲಿ ಎರಡು ನಿಮಿಷ ಸಾಲದು ಎಂದು ನೋಡಿ ಮತ್ತೆ ತಿದ್ದುವಳು. ಗಾಲ್ಫ್ ಮೈದಾನದ ಐದನೆಯ ಗುಂಡಿಯ ಹತ್ತಿರ ಗಾಳಿ ಬಲಗಡೆಯಿಂದ ಬೀಸುತ್ತದೆ ಎನ್ನುವುದು ಅವಳಿಗೆ ಗೊತ್ತಿತ್ತು. ಹಳೆಯ ಬಂದರಿನ ಬೀದಿಯಲ್ಲಿ ವ್ಯಾನು ಯಾವ ತಿರುವಿನಲ್ಲಿ ಕನ್ನಡಿ ಮಡಚಿಕೊಳ್ಳಬೇಕು ಎನ್ನುವುದೂ ಗೊತ್ತಿತ್ತು.

ಇಷ್ಟೆಲ್ಲಾ ಗೊತ್ತಿದ್ದವಳು ಒಂದು ಸಲವೂ ಕಡಲನ್ನು ಕಣ್ಣಾರೆ ಕಂಡಿರಲಿಲ್ಲ.

ಯಾಕೆಂದರೆ ಅವಳಿಗೆ ಗಾಡಿ ಆಗಿಬರುತ್ತಿರಲಿಲ್ಲ. ಹತ್ತಿ ಅರ್ಧ ಗಂಟೆ ಆಗುವಷ್ಟರಲ್ಲಿ ಹೊಟ್ಟೆ ತೊಳಸಿ, ತಲೆ ಗಿರ್ರೆಂದು, ಮುಂದಿನದು ಹೇಳುವಂಥದ್ದಲ್ಲ. ಮಾತ್ರೆ ನುಂಗಿದ್ದಾಯಿತು, ನಿಂಬೆಹಣ್ಣು ಮೂಸಿದ್ದಾಯಿತು, ಮುಂದಿನ ಸೀಟು, ಖಾಲಿ ಹೊಟ್ಟೆ, ತುಂಬಿದ ಹೊಟ್ಟೆ, ಎಲ್ಲಾ ನೋಡಿದ್ದಾಯಿತು. ಕಡಲಿಗೆ ವ್ಯಾನಿನಲ್ಲಿ ಆರು ಗಂಟೆಯ ದಾರಿ, ಅದರಲ್ಲಿ ಎರಡು ಗಂಟೆ ಬರೀ ತಿರುವು. ರೈಲು ಆ ಕಡೆಗೆ ಇಲ್ಲ. ಇಂಥವಳನ್ನು ಕಟ್ಟಿಕೊಂಡವನು ಯಾರು ಅಂದರೆ, ಅದೇ ಆಫೀಸಿನ ವ್ಯಾನ್ ಡ್ರೈವರು. ಮದುವೆಯಾದ ವಾರದಲ್ಲಿ ಹೆಂಡತಿಗೆ ಕಡಲು ತೋರಿಸುತ್ತೇನೆಂದು ಹೊರಟವನು ಮೂರನೆಯ ತಿರುವಿನಿಂದ ವ್ಯಾನು ತಿರುಗಿಸಿ, ಒಂದು ಬಕೆಟ್ ನೀರು ಹುಡುಕಿಕೊಂಡು ವಾಪಸು ಬಂದಿದ್ದ. ಆಫೀಸಿನವರು ವರ್ಷಗಟ್ಟಲೆ ಅದನ್ನೇ ಹೇಳಿಕೊಂಡು ನಕ್ಕರು. ಅವಳೂ ನಗುತ್ತಿದ್ದಳು, ಆದರೆ ಒಳಗೊಳಗೆ ಉರಿಯುತ್ತಿತ್ತು.

ಹೊಟ್ಟೆಕಿಚ್ಚು ಅವಳಿಗೆ ಹೊಸದಲ್ಲ. ಎದುರಿಗೆ ಕೂತು "ರೂಮು ಕಡಲಿನ ಕಡೆಗೇ ಇರಲಿ" ಎನ್ನುವ ಗಿರಾಕಿಗಳ ಮೇಲೆ ಹೊಟ್ಟೆಕಿಚ್ಚು. ಆಟ ಮುಗಿಸಿ ಬಂದು "ಅಯ್ಯೋ, ವಿಪರೀತ ಗಾಳಿ ಕಣ್ರೀ" ಎಂದು ದೂರುವವರ ಮೇಲಂತೂ ಎರಡು ಪಟ್ಟು. ಆದರೆ ಎಲ್ಲಕ್ಕಿಂತ ಹೆಚ್ಚಿನದು ಗಂಡನ ಮೇಲೆ. ಹನ್ನೊಂದು ವರ್ಷದಿಂದ ಕಡಲ ದಾರಿ ಅವನದೇ. ವರ್ಷಕ್ಕೆ ನಾಲ್ಕೈದು ಸಲ, ಅವಳು ಬರೆದ ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡು, ಅವಳು ಕಣ್ಣು ಮುಚ್ಚಿ ಕಂಡದ್ದನ್ನೆಲ್ಲಾ ಅವನು ಕಣ್ಣು ಬಿಟ್ಟು ನೋಡಿ ಬರುತ್ತಿದ್ದ. ಅವನ ಷೂಗಳನ್ನು ಹಿತ್ತಲಲ್ಲಿ ಕೊಡವಿದರೆ ಮರಳು ಉದುರುತ್ತಿತ್ತು. ಅವಳು ಅದನ್ನು ಪೊರಕೆಯಿಂದ ಗುಡಿಸುವಾಗ ಬೇಕಾದ್ದಕ್ಕಿಂತ ಜೋರಾಗಿಯೇ ಗುಡಿಸುತ್ತಿದ್ದಳು.

ಆ ದಾರಿ ಸಿಕ್ಕಿದ ಹೊಸತರಲ್ಲಿ ಅವನು ಮನೆಗೆ ಬಂದವನೇ ಷೂ ಬಿಚ್ಚುತ್ತಾ ಕತೆ ಶುರುಮಾಡುತ್ತಿದ್ದ.

"ಈ ಸಲ ಕಾವಲು ಗೋಪುರ ಹತ್ತಿದೆ ಕಣೇ. ನೂರಾ ಹನ್ನೆರಡು ಮೆಟ್ಟಿಲು."

"ನೂರಾ ಹದಿನಾಲ್ಕು," ಎನ್ನುತ್ತಿದ್ದಳು ಅವಳು, ಕೈಯಲ್ಲಿನ ತರಕಾರಿಯಿಂದ ಕಣ್ಣೆತ್ತದೆ. "ಕೋಟೆ ಪುಸ್ತಕದಲ್ಲಿದೆ."

"ಇರಬಹುದು. ಅಲ್ಲೊಂದು ಫಿರಂಗಿ ಇದೆ, ಬಾಯಿ ಕಡಲಿನ ಕಡೆಗೆ."

"ಒಂದಲ್ಲ, ಮೂರು. ಇನ್ನೆರಡು ಗೋಡೆ ಹಿಂದೆ ಇವೆ. ನೀವು ನೋಡಿಲ್ಲ."

ಅವನು ಮತ್ತೆ ಏನೋ ಹೇಳಲು ಬಾಯಿ ತೆರೆದು ಸುಮ್ಮನಾಗುತ್ತಿದ್ದ. ಅವಳಿಗೆ ಅದರಲ್ಲಿ ಒಂದು ಕೆಟ್ಟ ಖುಷಿ ಇತ್ತು, ಸುಳ್ಳು ಯಾಕೆ ಹೇಳಬೇಕು. ನೋಡಿದವನಿಗಿಂತ ನೋಡದವಳಿಗೇ ಹೆಚ್ಚು ಗೊತ್ತು ಎಂದಾಗ ಉರಿ ಸ್ವಲ್ಪ ತಣ್ಣಗಾಗುತ್ತಿತ್ತು. ಒಂದೆರಡು ವರ್ಷದಲ್ಲಿ ಅವನು ಕತೆ ಹೇಳುವುದನ್ನೇ ಬಿಟ್ಟ. "ಹೇಗಿತ್ತು?" ಎಂದರೆ "ಚೆನ್ನಾಗಿತ್ತು." ಅಷ್ಟೇ. ಊಟ ಮಾಡಿ ಮಗ್ಗುಲಾದನೆಂದರೆ ಆರು ಗಂಟೆ ವ್ಯಾನು ಓಡಿಸಿದ ನಿದ್ದೆ. ಕಡಲಿನಿಂದ ಬಂದವನ ಬಾಯಲ್ಲಿ ಕಡಲಿನ ಒಂದು ಮಾತೂ ಇಲ್ಲ ಎನ್ನುವುದು ಅವಳಿಗೆ ಇನ್ನೊಂದು ಹೊಟ್ಟೆಕಿಚ್ಚಾಯಿತು. ಎಲ್ಲಾ ತಾನೊಬ್ಬನೇ ಇಟ್ಟುಕೊಂಡಿದ್ದಾನೆ, ಜಿಪುಣ.

ಇನ್ನು ಲಾಡ್ಜಿನಮ್ಮ. ಕೋಟೆಯ ಗುಡ್ಡದ ಕೆಳಗೆ ಎಂಟು ರೂಮಿನ ಲಾಡ್ಜ್ ನಡೆಸುವವಳು. ಹನ್ನೊಂದು ವರ್ಷದಿಂದ ಫೋನಿನಲ್ಲಿ ಪರಿಚಯ, ಮುಖ ನೋಡಿಲ್ಲ. ದನಿ ಮಾತ್ರ ಬೆಲ್ಲ. ಮೊದಲ ವರ್ಷವೇ ಅವಳು ಹೇಳಿದ್ದಳು, "ನಿಮ್ಮ ಡ್ರೈವರಣ್ಣ ಬಂಗಾರದಂಥ ಮನುಷ್ಯ ಮೇಡಂ. ನಮ್ಮ ಅಡಿಗೆಮನೆ ನಲ್ಲಿ ಸೋರ್ತಿತ್ತು, ಯಾರೂ ಹೇಳದೆ ತಾವೇ ರಿಪೇರಿ ಮಾಡಿದ್ರು. ಅವರ ಹೆಂಡತಿ ಪುಣ್ಯ ಮಾಡಿರಬೇಕು."

"ಇರಬಹುದು," ಎಂದಿದ್ದಳು ಪಟ್ಟಿಯಮ್ಮ.

ಆ ಹೆಂಡತಿ ನಾನೇ ಎಂದು ಅವತ್ತೇ ಹೇಳಿಬಿಡಬೇಕಿತ್ತು. ತಮ್ಮ ಮನೆಯ ನಲ್ಲಿ ಆರು ತಿಂಗಳಿಂದ ತೊಟ್ಟಿಕ್ಕುತ್ತಿದ್ದದ್ದು ನೆನಪಾಗಿ, ಸಿಟ್ಟಿನಲ್ಲಿ ಹೇಳಲಿಲ್ಲ. ಅವತ್ತು ಹೇಳದ ಮೇಲೆ ಮರುವರ್ಷ ಹೇಳುವುದು ಹೇಗೆ? ಹೀಗೆ ಹನ್ನೊಂದು ವರ್ಷ ಕಳೆಯಿತು. ಫೋನು ಬಂದಾಗಲೆಲ್ಲಾ ಪರಸ್ತ್ರೀಯೊಬ್ಬಳು ತನ್ನ ಗಂಡನನ್ನು ತನಗೇ ಹೊಗಳುವುದನ್ನು ಅವಳು "ಹೌದಾ? ಸಂತೋಷ" ಎಂದುಕೊಂಡು ಕೇಳಬೇಕಾಗಿತ್ತು. ತಾನೇ ತೋಡಿಕೊಂಡ ಹಳ್ಳ, ಯಾರನ್ನು ಬೈಯುವುದು?

ಈ ಸಲದ ಪ್ರವಾಸಕ್ಕೆ ನಾಲ್ವರು. ಹಲ್ಲಿನ ಡಾಕ್ಟರು, ಅವರ ಭಾವಮೈದುನ, ಟೈಲ್ಸ್ ಅಂಗಡಿಯವರು, ಮತ್ತು ನಿವೃತ್ತರಾದ ಒಬ್ಬ ಹೆಡ್ ಮಾಸ್ತರು. ಮುಂದಾಳು ಡಾಕ್ಟರೇ. ಅವರು ಬಂದು ಕುರ್ಚಿಯ ಅಂಚಿನಲ್ಲಿ ಕೂತು, ಮೊಣಕೈ ಮೇಜಿನ ಮೇಲೂರಿ ಹೇಳಿದರು:

"ಮೂರು ದಿನ. ಮೊದಲನೇ ದಿನ ಕೋಟೆ ಕೆಳಗಿನ ಮೈದಾನ, ಎರಡನೇ ದಿನ ದ್ವೀಪ, ಮೂರನೇ ದಿನ ಹಳೇ ಬಂದರು. ಹೋದ ವರ್ಷದ ಹಾಗೇ ಮಾಡಿ. ಅದರಲ್ಲೂ ದ್ವೀಪಕ್ಕೆ ಹೋಗೋ ದಿನ ಬೆಳಿಗ್ಗೆ ಕೋಟೆ ಮೇಲೆ ಕಾಫಿ ಇರುತ್ತಲ್ಲ, ಅದನ್ನ ಮಾತ್ರ ತಪ್ಪಿಸಬೇಡಿ."

ಪಟ್ಟಿಯಮ್ಮನ ಪೆನ್ಸಿಲ್ ನಿಂತಿತು. "ಕೋಟೆ ಮೇಲೆ ಕಾಫಿ?"

"ಹೂಂ, ಅದೇ ಹೈಲೈಟು. ನಿಮ್ಮ ಡ್ರೈವರ್ ವ್ಯಾನು ನಿಲ್ಲಿಸ್ತಾರೆ, ಲಾಡ್ಜಿನಮ್ಮ ಫ್ಲಾಸ್ಕ್ ಹಿಡ್ಕೊಂಡು ಗುಡ್ಡ ಹತ್ತಿ ಬರ್ತಾರೆ. ನಾವು ನಾಲ್ಕು ಜನ ಗೋಡೆ ಮೇಲೆ ಕೂತು ಕಡಲು ನೋಡೋದು. ಅವರಿಬ್ಬರೂ ಆ ಫಿರಂಗಿ ಹತ್ರ ನಿಂತು ಅವರ ಪಾಡಿಗೆ ಅವರು ಮಾತಾಡ್ತಾ ಇರ್ತಾರೆ. ಬಹಳ ಚೆನ್ನಾಗಿರುತ್ತೆ."

"ಹೌದಾ? ಸಂತೋಷ," ಎಂದಳು ಪಟ್ಟಿಯಮ್ಮ. ಅಭ್ಯಾಸಬಲ.

ಡಾಕ್ಟರು ಮೆಟ್ಟಿಲಿಳಿದ ಸದ್ದು ಮುಗಿಯುವ ಮೊದಲೇ ಅವಳು ಆಫೀಸಿನ ಯಜಮಾನರ ಕಪಾಟು ತೆಗೆದಿದ್ದಳು. ಪ್ರತಿ ಡ್ರೈವರೂ ಎಲ್ಲಿ ಎಷ್ಟು ಹೊತ್ತು ನಿಂತೆನೆಂದು ದಿನಚರಿ ಪುಸ್ತಕದಲ್ಲಿ ಬರೆಯಬೇಕು, ಅದು ಆಫೀಸಿನ ನಿಯಮ. ಡೀಸೆಲ್ ಲೆಕ್ಕಕ್ಕೆ ಯಜಮಾನರು ನೋಡುತ್ತಿದ್ದರೇ ಹೊರತು ಅವಳು ಅದನ್ನು ಮುಟ್ಟಿದವಳಲ್ಲ. ಈಗ ಒಂದೊಂದೇ ಪುಸ್ತಕ ತೆಗೆದು ದ್ವೀಪದ ದಿನದ ಪುಟ ಹುಡುಕಿದಳು. ಗಂಡನ ದಪ್ಪ ಅಕ್ಷರ. "ಕೋಟೆ ಬಾಗಿಲು, 8.50ರಿಂದ 9.40." ಅದರ ಹಿಂದಿನ ಪ್ರವಾಸ, "ಕೋಟೆ ಬಾಗಿಲು, ಐವತ್ತು ನಿಮಿಷ." ಅದರ ಹಿಂದಿನದು, ಮತ್ತೆ ಐವತ್ತು. ದ್ವೀಪಕ್ಕೆ ಹೋದ ಪ್ರತಿ ಸಲವೂ, ಒಂದು ನಿಮಿಷ ಹೆಚ್ಚಿಲ್ಲ ಕಡಿಮೆಯಿಲ್ಲ. ಅವಳ ಪಟ್ಟಿಯಲ್ಲಿ ಆ ಬೆಳಿಗ್ಗೆ ಕೋಟೆಯ ಹೆಸರೇ ಇರಲಿಲ್ಲ.

ಎದೆಯಲ್ಲಿ ಯಾರೋ ಮೆಣಸಿನಕಾಯಿ ಅರೆದ ಹಾಗಾಯಿತು. ಅವಳು ಹುಟ್ಟಿಸಿದ ಪ್ರವಾಸದೊಳಗೆ ಅವಳಿಗೆ ಗೊತ್ತಿಲ್ಲದ ಐವತ್ತು ನಿಮಿಷ. ಎರಡು ನಿಮಿಷ ಸಾಲದೆಂದು ಕುರ್ಚಿಯಲ್ಲಿ ಕೂತು ತಲೆ ಕೆಡಿಸಿಕೊಳ್ಳುವವಳು ಅವಳು, ಅಲ್ಲಿ ಇವರಿಬ್ಬರು ಫಿರಂಗಿಯ ಪಕ್ಕದಲ್ಲಿ ಐವತ್ತು ನಿಮಿಷ ಮಾತಾಡುತ್ತಾರಂತೆ. ಏನು ಮಾತಾಡುತ್ತಾರೆ? ಮನೆಯಲ್ಲಿ "ಚೆನ್ನಾಗಿತ್ತು" ಎನ್ನುವುದಕ್ಕೇ ಕಷ್ಟಪಡುವ ಮನುಷ್ಯ! ಲಾಡ್ಜಿನಮ್ಮನಿಗೆ ನಲವತ್ತಿರಬಹುದು, ಉದ್ದ ಜಡೆ ಇರಬಹುದು, ಗಾಳಿಗೆ ಸೆರಗು ಹಾರುತ್ತಿರಬಹುದು. ಐದು ನಿಮಿಷದಲ್ಲಿ ಪಟ್ಟಿಯಮ್ಮ ಅವಳಿಗೆ ಮೂಗು, ಬಾಯಿ, ಬಳೆ ಎಲ್ಲವನ್ನೂ ಕೊಟ್ಟು ಮುಗಿಸಿದ್ದಳು. ಕಣ್ಣು ಮುಚ್ಚಿ ಕಾಣುವುದು ಅವಳಿಗೆ ಹೇಳಿಕೊಡಬೇಕಾದ ವಿದ್ಯೆಯಲ್ಲ.

ಗಂಡನನ್ನು ನೇರವಾಗಿ ಕೇಳಬಹುದಿತ್ತು. ಕೇಳಿ, ಅವನು "ಹೌದು" ಎಂದುಬಿಟ್ಟರೆ? ಅದಕ್ಕಿಂತ ಅವಳ ಕೈಯಲ್ಲೊಂದು ಸುಲಭದ ದಾರಿಯಿತ್ತು. ಡ್ಯೂಟಿ ಪಟ್ಟಿ ಬರೆಯುವವಳೂ ಅವಳೇ. ಕಡಲ ಪ್ರವಾಸದ ಎದುರು ಗಂಡನ ಹೆಸರಿರುವ ಜಾಗದಲ್ಲಿ ಇನ್ನೊಬ್ಬ ಡ್ರೈವರಿನ ಹೆಸರು ಬರೆದಳು. ಗಂಡನಿಗೆ ಮೂರು ದಿನವೂ ಏರ್‌ಪೋರ್ಟ್ ಹಾಕಿದಳು. ಈ ಸಲ ಮಾತ್ರವಲ್ಲ, ಇನ್ನು ಮುಂದೆಯೂ ಹೀಗೇ ಎಂದು ಮನಸ್ಸಿನಲ್ಲೇ ತೀರ್ಮಾನಿಸಿದಳು. ನನಗಿಲ್ಲದ ಕಡಲು ಅವರಿಗೂ ಬೇಡ.

ಆ ಇನ್ನೊಬ್ಬ ಡ್ರೈವರನ್ನು ಎಲ್ಲರೂ ಚಾಚೂ ಎನ್ನುತ್ತಿದ್ದರು. ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವವನು. ರಸ್ತೆಯಲ್ಲಿ ಒಂದು ನರಪಿಳ್ಳೆ ಇಲ್ಲದಿದ್ದರೂ ಕೆಂಪು ದೀಪಕ್ಕೆ ನಿಲ್ಲುವ ಜಾತಿ. ಪಟ್ಟಿಯಲ್ಲಿ "ಇಲ್ಲಿ ನಗಬೇಕು" ಎಂದು ಬರೆದರೆ ನಕ್ಕಾನು.

ಸಂಜೆ ಗಂಡ ಡ್ಯೂಟಿ ಪಟ್ಟಿ ನೋಡಿದ. ಊಟದ ಮೇಜಿನ ಮೇಲೆ ಅದನ್ನು ಹರಡಿ, ಬೆರಳಿಟ್ಟು ಓದಿದ.

"ಈ ಸಲ ನಾನಿಲ್ವಾ?"

"ಯಜಮಾನ್ರು ಬದಲಾಯಿಸು ಅಂದ್ರು." ಸುಳ್ಳು. ಯಜಮಾನರಿಗೆ ಅವತ್ತು ಯಾವ ವಾರವೆಂಬುದೂ ಗೊತ್ತಿರಲಿಲ್ಲ.

"ಓ." ಅವನು ಪಟ್ಟಿ ಮಡಚಿಟ್ಟ. ಸಾರು ಬಡಿಸಿಕೊಂಡ. ಎರಡು ತುತ್ತು ತಿಂದು, "ಚಾಚೂಗೆ ಒಂದು ಮಾತು ಹೇಳಬೇಕು," ಎಂದ.

"ಏನು ಮಾತು?"

"ಏನಿಲ್ಲ. ದಾರಿ ವಿಷಯ."

ಅವನ ಮುಖ ಸಪ್ಪಗಾಗಿತ್ತು. ಅದನ್ನು ಕಂಡು ಅವಳಿಗೆ ಅಯ್ಯೋ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ನೋಡು, ಅವಳನ್ನು ನೋಡುವುದು ತಪ್ಪಿತಲ್ಲ ಎಂದು ಹೇಗೆ ಬಾಡಿದ್ದಾನೆ ಎಂದೇ ಅನ್ನಿಸಿತು. ಹೊಟ್ಟೆಕಿಚ್ಚು ಹೊತ್ತಿಕೊಂಡ ಮೇಲೆ ಸಿಕ್ಕಿದ್ದೆಲ್ಲಾ ಸೌದೆಯೇ.

ಮರುದಿನ ಚಾಚೂ ಅವಳ ಮೇಜಿನ ಮುಂದೆ ಬಂದು ನಿಂತ. ಕೈಯಲ್ಲಿ ಪಟ್ಟಿ, ಮುಖದಲ್ಲಿ ಗೊಂದಲ.

"ಅಕ್ಕಾ, ಅಣ್ಣ ಫೋನ್ ಮಾಡಿದ್ರು. ದ್ವೀಪಕ್ಕೆ ಹೋಗೋ ದಿನ ಕೋಟೆ ಹತ್ರ ಐವತ್ತು ನಿಮಿಷ ನಿಲ್ಲಿಸಿಬಿಟ್ಟು ಆಮೇಲೆ ಹೋಗು ಅಂದ್ರು. ಪಟ್ಟೀಲಿ ಹಾಗಿಲ್ಲವಲ್ಲ?"

"ಯಾಕಂತೆ?"

"ನಾನೂ ಕೇಳಿದೆ. ಯಾಕೆ ಅಂತ ಕೇಳಬೇಡ, ಸುಮ್ನೆ ನಿಲ್ಲಿಸು ಅಂದ್ರು. ಏನ್ಮಾಡಲಿ?"

ಪಟ್ಟಿಯಮ್ಮನ ಕಿವಿ ಬಿಸಿಯಾಯಿತು. ತಾನು ಹೋಗದಿದ್ದರೂ ಆ ಕಾಫಿ ತಪ್ಪಬಾರದಂತೆ! ಸಂದೇಶ ಬೇರೆ ಕಳಿಸುತ್ತಿದ್ದಾನೇನೋ.

"ಪಟ್ಟಿ ಮಾಡಿದ್ದು ಯಾರು, ನಾನೋ ಅವರೋ?"

"ನೀವು."

"ಮತ್ತೆ? ಅದರಲ್ಲಿರೋ ಹಾಗೇ ಮಾಡು. ಒಂಬತ್ತು ಗಂಟೆಗೆ ಸರಿಯಾಗಿ ವ್ಯಾನು ದ್ವೀಪದ ದಾರಿ ಮೇಲಿರಬೇಕು."

"ಸರಿ ಅಕ್ಕಾ," ಎಂದ ಚಾಚೂ. ಅವನ ಮುಖದ ಗೊಂದಲ ಕಳೆದು ಹಗುರಾಯಿತು.

ದ್ವೀಪದ ದಾರಿ ಎಂದರೆ ಏನೆಂದು ಇಲ್ಲಿ ಹೇಳಬೇಕು. ತೀರದಿಂದ ದ್ವೀಪಕ್ಕೆ ಕಾಲು ಮೈಲಿ ಉದ್ದದ ಹಳೆಯ ಕಲ್ಲುದಾರಿ. ಕೋಟೆ ಕಟ್ಟಿದ ಕಾಲದ್ದು. ಉಬ್ಬರವಿದ್ದಾಗ ಅದು ನೀರಿನಡಿ ಇರುತ್ತದೆ, ಇಳಿತವಾದಾಗ ಮೂರು ಗಂಟೆಯ ಕಾಲ ಮೇಲೆ ಕಾಣುತ್ತದೆ. ಅಷ್ಟರೊಳಗೆ ವ್ಯಾನು ದಾಟಿ, ಅಲ್ಲಿನ ಒಂಬತ್ತು ಗುಂಡಿಯ ಪುಟ್ಟ ಮೈದಾನದಲ್ಲಿ ಆಡಿ, ಮತ್ತೆ ದಾಟಿ ಬರಬೇಕು. ಆಟಗಾರರು ದೂರದಿಂದ ಬರುವುದೇ ಈ ಮೋಜಿಗಾಗಿ. ಉಬ್ಬರ ಇಳಿತದ ವೇಳೆಯ ತಖ್ತೆಯನ್ನು ಬಂದರಿನ ಕಚೇರಿ ವರ್ಷಕ್ಕೊಮ್ಮೆ ಅಚ್ಚು ಹಾಕಿಸುತ್ತದೆ. ಅಸಲು ಪ್ರತಿ ಯಜಮಾನರ ಕಪಾಟಿನಲ್ಲಿ, ಅದರ ಜೆರಾಕ್ಸು ಪಟ್ಟಿಯಮ್ಮನ ಮೇಜಿನ ಗಾಜಿನ ಕೆಳಗೆ. ಅದನ್ನು ನೋಡಿಯೇ ಅವಳು ವೇಳೆ ಹಾಕುತ್ತಿದ್ದದ್ದು. ಈ ಸಲ ದಾರಿ ತೆರೆಯುವುದು ಒಂಬತ್ತಕ್ಕೆ ಎಂದು ಅದರಲ್ಲಿತ್ತು.

ಎರಡನೆಯ ದಿನ ಬೆಳಿಗ್ಗೆ ಒಂಬತ್ತೂ ಇಪ್ಪತ್ತಕ್ಕೆ ಫೋನು ಬಡಿದುಕೊಂಡಿತು.

"ಮೇಡಂ, ಗಾಬರಿಯಾಗಬೇಡಿ. ಯಾರಿಗೂ ಏನೂ ಆಗಿಲ್ಲ." ಬೆಲ್ಲದ ದನಿಯಲ್ಲಿ ಅವತ್ತು ಏದುಸಿರಿತ್ತು. "ನಿಮ್ಮ ವ್ಯಾನು ನೀರಲ್ಲಿ ನಿಂತಿದೆ. ನಮ್ಮ ಅಡಿಗೆಮನೆ ಕಿಟಕಿಯಿಂದ ಕಾಣ್ತಾ ಇದೆ. ದಾರಿ ಇನ್ನೂ ಬಿಟ್ಟಿರಲಿಲ್ಲ, ಆ ಮನುಷ್ಯ ಸೀದಾ ಇಳಿಸಿಬಿಟ್ರು. ನಾನು ಇಲ್ಲಿಂದ ಸೆರಗು ಬೀಸಿದೆ, ಕೂಗಿದೆ, ಗಾಳೀಲಿ ಕೇಳಬೇಕಲ್ಲ. ಇಂಜಿನ್ನಿಗೆ ನೀರು ಹೋಗಿದೆ. ಅವರು ನಾಲ್ಕು ಜನ ಮೊಣಕಾಲುದ್ದ ನೀರಲ್ಲಿ ಬ್ಯಾಗು ತಲೆ ಮೇಲೆ ಇಟ್ಕೊಂಡು ನಡ್ಕೊಂಡು ಬರ್ತಿದಾರೆ. ನೀರು ಇಳೀತಾ ಇದೆ, ಭಯ ಇಲ್ಲ."

ಪಟ್ಟಿಯಮ್ಮ ಗಾಜಿನ ಕೆಳಗಿನ ತಖ್ತೆಯ ಮೇಲೆ ಬೆರಳಿಟ್ಟಳು. "ಒಂಬತ್ತಕ್ಕೆ ದಾರಿ ಬಿಡಬೇಕಿತ್ತಲ್ಲ?"

"ಬಂದರಿನ ಹತ್ರ ಒಂಬತ್ತಕ್ಕೆ ಮೇಡಂ. ದ್ವೀಪ ಇರೋದು ಭೂಶಿರದ ಆಚೆ. ಅಲ್ಲಿ ನೀರು ಇಳಿಯೋದು ಐವತ್ತು ನಿಮಿಷ ತಡ. ಯಾವಾಗ್ಲೂ ಹಾಗೇ."

ಐವತ್ತು.

"ಡ್ರೈವರಣ್ಣ ಯಾಕೆ ಬರಲಿಲ್ಲ ಮೇಡಂ? ಅವರಿದ್ದಿದ್ರೆ ಹೀಗಾಗ್ತಿರಲಿಲ್ಲ. ಅವರು ನಿಮ್ಮ ಪಟ್ಟೀಲಿ ಪ್ರತಿ ಸಲ ಆ ವೇಳೆ ಹೊಡೆದುಹಾಕಿ ತಮ್ಮದು ಬರ್ಕೊಳ್ತಿದ್ರು. ಮೈದಾನದವರಿಗೆ ಫೋನ್ ಮಾಡಿ ನಾನೇ ಸರದಿ ಹಿಂದಕ್ಕೆ ಹಾಕಿಸ್ತಿದ್ದೆ. ಗಿರಾಕಿಗಳಿಗೆ ಗೊತ್ತಾಗಬಾರದು ಅಂತ ಕೋಟೆ ಹತ್ರ ನಿಲ್ಲಿಸೋರು, ನಾನು ಕಾಫಿ ಮಾಡ್ಕೊಂಡು ಹೋಗ್ತಿದ್ದೆ. ನೀರು ಎಷ್ಟು ಇಳೀತು ಅಂತ ಇಬ್ಬರೂ ಫಿರಂಗಿ ಹತ್ರ ನಿಂತು ನೋಡ್ತಾ ಇರ್ತಿದ್ವಿ."

"ನನಗೆ ಯಾಕೆ ಹೇಳಲಿಲ್ಲ?" ದನಿ ಅವಳದೇ ಆದರೂ ಅವಳದಲ್ಲದ ಹಾಗಿತ್ತು.

"ಹೇಳ್ತೀನಿ ಅಂದೆ, ಎಷ್ಟೋ ಸಲ. ಬೇಡ ಅಂದ್ರು. ಆ ಪಟ್ಟಿ ಬರೆಯೋರಿಗೆ ಗಾಡಿ ಆಗಿಬರಲ್ಲ, ಕಡಲು ನೋಡಿಲ್ಲ, ಆದ್ರೂ ಇಲ್ಲಿನ ಕಲ್ಲು ಕಲ್ಲೂ ಗೊತ್ತು ಅವರಿಗೆ. ಇದೊಂದು ತಪ್ಪಿದೆ ಅಂತ ಗೊತ್ತಾದ್ರೆ ಬಹಳ ನೊಂದ್ಕೊಳ್ತಾರೆ, ಹೋಗಲಿ ಬಿಡಿ, ಐವತ್ತು ನಿಮಿಷ ತಾನೇ, ನಾನು ಕಾಯ್ತೀನಿ ಅಂದ್ರು. ಅಷ್ಟು ಗೌರವ ಮೇಡಂ ಅವರಿಗೆ ನಿಮ್ಮ ಮೇಲೆ."

ಪಟ್ಟಿಯಮ್ಮ "ಹೌದಾ?" ಎಂದಳು. ಸಂತೋಷ ಎನ್ನಲಾಗಲಿಲ್ಲ.

ಫೋನಿಟ್ಟು ಯಜಮಾನರ ಕಪಾಟಿನಿಂದ ತಖ್ತೆಯ ಅಸಲು ಪ್ರತಿ ತೆಗೆದಳು. ಅದು ಆಫೀಸಿನ ಜೆರಾಕ್ಸ್ ಮಷೀನಿನ ಹಾಳೆಗಿಂತ ನಾಲ್ಕು ಬೆರಳು ಉದ್ದ. ಅವಳ ಗಾಜಿನ ಕೆಳಗಿನ ಪ್ರತಿಯನ್ನು ಪಕ್ಕದಲ್ಲಿಟ್ಟಳು. ಜೆರಾಕ್ಸಿನಲ್ಲಿ ಕತ್ತರಿಸಿಹೋದ ಕೆಳಗಿನ ಭಾಗದಲ್ಲಿ, ಸಣ್ಣ ಅಕ್ಷರದಲ್ಲಿ, ಒಂದೇ ಸಾಲು. ದ್ವೀಪದ ದಾರಿಗೆ ಐವತ್ತು ನಿಮಿಷ ಕೂಡಿಸಿಕೊಳ್ಳತಕ್ಕದ್ದು. ಹನ್ನೊಂದು ವರ್ಷ, ಪ್ರತಿ ವರ್ಷ ಹೊಸ ತಖ್ತೆ, ಪ್ರತಿ ವರ್ಷ ಅದೇ ನಾಲ್ಕು ಬೆರಳು. ಕಪಾಟು ಅವಳ ಕುರ್ಚಿಯಿಂದ ಎಂಟು ಹೆಜ್ಜೆ.

ಯಜಮಾನರಿಗೆ ಅವಳೇ ಹೋಗಿ ಹೇಳಿದಳು. "ತಪ್ಪು ನನ್ನದು. ಚಾಚೂನ ಬೈಬೇಡಿ, ಅವನು ಬಂದು ಕೇಳಿದ್ದ, ನಾನೇ ಹೋಗು ಅಂದೆ." ಹಲ್ಲಿನ ಡಾಕ್ಟರು ಮಧ್ಯಾಹ್ನ ಫೋನು ಮಾಡಿ ಹಲ್ಲು ಕಡಿದರು. ಆದರೂ ನೀರಿಳಿದ ಮೇಲೆ ಒದ್ದೆ ಷೂಗಳಲ್ಲೇ ನಡೆದು ಹೋಗಿ ಒಂಬತ್ತೂ ಗುಂಡಿ ಆಡಿದ್ದರಂತೆ, ಹೆಡ್ ಮಾಸ್ತರು ಗೆದ್ದರಂತೆ. ವ್ಯಾನನ್ನು ಟ್ರ್ಯಾಕ್ಟರು ಎಳೆದು ತಂದಿತಂತೆ. ಅದನ್ನೆಲ್ಲಾ ಅವಳು ನಿಂತುಕೊಂಡೇ ಕೇಳಿಸಿಕೊಂಡಳು.

ಸಂಜೆ ಮನೆಗೆ ನಡೆದು ಹೋಗುವಾಗ ನಾಚಿಕೆಯಿಂದ ಅವಳ ತಲೆ ಬಗ್ಗಿತ್ತು. ಮುಗಿಯಿತಲ್ಲ, ಗಂಡ ನಿರಪರಾಧಿ ಎಂದಾಯಿತಲ್ಲ, ಹೊಟ್ಟೆಕಿಚ್ಚು ಆರಬೇಕಿತ್ತು. ಎಲ್ಲಿ ಆರುತ್ತದೆ? ಇನ್ನೊಂದು ಕಡೆಯಿಂದ ಹೊತ್ತಿಕೊಂಡಿತು. ಅವನಿಗೆ ತನ್ನ ಮೇಲೆ ಅಷ್ಟು ಅಕ್ಕರೆ ಇದೆ ಎನ್ನುವುದು ಹನ್ನೊಂದು ವರ್ಷದಿಂದ ಲಾಡ್ಜಿನಮ್ಮನಿಗೆ ಗೊತ್ತು, ತನಗೆ ಗೊತ್ತಿಲ್ಲ. ಎರಡು ಮೆಟ್ಟಿಲಿನ ತಪ್ಪನ್ನು ಅವನ ಬಾಯಿಂದ ಬೀಳುವ ಮೊದಲೇ ಹಿಡಿದು ತಿದ್ದಿದವಳು ಅವಳು. ಐವತ್ತು ನಿಮಿಷದ ಅವಳ ತಪ್ಪನ್ನು ಗಾಳಿಯಲ್ಲಿ ನಿಂತು ಕಾದು ಕಳೆದವನು ಅವನು.

ಅವನು ಏರ್‌ಪೋರ್ಟಿನಿಂದ ಬಂದು ಕೈಕಾಲು ತೊಳೆದು ಕೂತಿದ್ದ. ವ್ಯಾನು ನೀರಿಗಿಳಿದ ಸುದ್ದಿ ಅವನಿಗಾಗಲೇ ಮುಟ್ಟಿತ್ತೆಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು. ಅವಳು ಚೀಲದಿಂದ ಮುಂದಿನ ತಿಂಗಳ ಕಡಲ ಪ್ರವಾಸದ ಪಟ್ಟಿ ತೆಗೆದು ಅವನ ಮುಂದಿಟ್ಟಳು. ಪಕ್ಕದಲ್ಲಿ ಪೆನ್ಸಿಲ್.

"ಏನಿದು?"

"ತಿದ್ದಿ."

"ನಾನ್ಯಾಕೆ ತಿದ್ದಲಿ? ನಿನ್ನ ಪಟ್ಟಿ."

"ಹನ್ನೊಂದು ವರ್ಷದಿಂದ ಅಲ್ಲಿ ತಿದ್ದುತ್ತಿದ್ದೀರಲ್ಲ ರೀ. ಇನ್ಮೇಲೆ ಇಲ್ಲೇ ತಿದ್ದಿ, ನನ್ನ ಮುಂದೆ. ಡ್ರೈವರ್ ಹೆಸರು ನೋಡಿ, ನಿಮ್ಮದೇ ಬರೆದಿದೀನಿ. ಈ ಸಲ ಹೆಸರು ತೆಗೆದಿದ್ದು ಯಜಮಾನ್ರಲ್ಲ. ನಾನು."

ಅವನು ಯಾಕೆ ಎಂದು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಪೆನ್ಸಿಲ್ ತೆಗೆದುಕೊಂಡು ದ್ವೀಪದ ವೇಳೆ ಹೊಡೆದ. ಆಮೇಲೆ ನಿಧಾನವಾಗಿ, ಅವಳ ಮುಖವನ್ನು ಒಮ್ಮೆ ನೋಡಿಕೊಂಡು, ಬಂದರಿನ ಬೀದಿಯ ಹತ್ತಿರ ಇನ್ನೊಂದು ಗೆರೆ. "ಈ ಬೀದಿ ಈಗ ಒನ್‌ವೇ." ಮೂರನೆಯ ದಿನದ ಊಟದ ಹತ್ತಿರ ಮತ್ತೊಂದು. "ಆ ಹೋಟೆಲ್ ಮುಚ್ಚಿ ಎರಡು ವರ್ಷ ಆಯ್ತು. ಪಕ್ಕದವರಲ್ಲಿ ಊಟ ಮಾಡಿಸ್ತೀನಿ." ಒಂದೊಂದು ಗೆರೆಗೂ ಅವಳಿಗೆ ಚುರುಕ್ ಎನ್ನುತ್ತಿತ್ತು. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡು ಕೂತಳು.

"ಆ ಲಾಡ್ಜಿನಮ್ಮನಿಗೆ ವಯಸ್ಸೆಷ್ಟು?" ಎಂದಳು ಇದ್ದಕ್ಕಿದ್ದಂತೆ.

"ಕೇಳಿಲ್ಲ."

"ನೋಡಿದ್ರೆ ಗೊತ್ತಾಗಲ್ವಾ?"

"ಗಾಳೀಲಿ ಎಲ್ಲರೂ ಒಂದೇ ಥರ ಕಾಣ್ತಾರೆ," ಎಂದ ಅವನು. ಇದಕ್ಕಿಂತ ಒಳ್ಳೆಯ ಉತ್ತರ ಅವಳಿಗೆ ಸಿಗುವಂತಿರಲಿಲ್ಲ.

ಸಾರು ಬಿಸಿಗಿಟ್ಟಳು. ತಟ್ಟೆ ಇಟ್ಟಳು. ಇನ್ನೊಮ್ಮೆ ಹುಟ್ಟಿಬಂದರೂ ಗಾಡಿ ತನಗೆ ಆಗಿಬರುವುದಿಲ್ಲ. ತನ್ನ ಪಾಲಿಗೆ ಕಡಲೇನಾದರೂ ಇದ್ದರೆ ಅದು ಈ ಮನುಷ್ಯನ ಬಾಯಲ್ಲಿ, ಮತ್ತು ಆ ಬಾಯಿಗೆ ಬೀಗ ಹಾಕಿದವಳು ತಾನೇ. ಅನ್ನ ಬಡಿಸುತ್ತಾ, ಅವನ ಮುಖ ನೋಡದೆ, "ಆ ಗೋಪುರ ಹತ್ತಿದ್ರಲ್ಲ, ಹೇಳಿ," ಎಂದಳು.

"ಯಾವ ಗೋಪುರ?"

"ಕಾವಲು ಗೋಪುರ. ಮೊದಲನೇ ಸಲ ಹೋದಾಗ."

ಅವನು ತುತ್ತು ಕಲೆಸುವುದನ್ನು ನಿಲ್ಲಿಸಿದ. ತಮಾಷೆ ಮಾಡುತ್ತಿದ್ದಾಳೋ ಎಂದು ನೋಡಿದ. ಆಮೇಲೆ ಎಚ್ಚರಿಕೆಯಿಂದ ಶುರುಮಾಡಿದ.

"ಮೈದಾನದ ಅಂಚಲ್ಲಿ ಒಂದು ಕಾಲುದಾರಿ ಇದೆ. ಅಲ್ಲಿಂದ ಹತ್ತಬೇಕು. ನೂರಾ ಹನ್ನೆರಡು ಮೆಟ್ಟಿಲು."

ನೂರಾ ಹದಿನಾಲ್ಕು ಎನ್ನುವುದು ನಾಲಿಗೆಯ ತುದಿಗೆ ಬಂದು ನಿಂತಿತು. ಅವಳು ಹಲ್ಲು ಕಚ್ಚಿದಳು. ಅವನು ಕಾದ. ಅವಳು ತಿದ್ದುವಷ್ಟು ಹೊತ್ತು ಬಿಟ್ಟುಕೊಟ್ಟು ಕಾದ.

"ಹೂಂ, ಆಮೇಲೆ?" ಎಂದಳು ಅವಳು.

"ಪುಸ್ತಕದಲ್ಲಿ ನೂರಾ ಹದಿನಾಲ್ಕು ಅಂತ ಇರುತ್ತೆ. ಸರಿಯಾಗೇ ಇದೆ. ಕೆಳಗಿನ ಎರಡು ಮೆಟ್ಟಿಲು ಮರಳಲ್ಲಿ ಹೂತುಹೋಗಿವೆ. ಮೇಲೆ ಮೇಲೆ ಸವರಿದ್ರೆ ಸಿಗಲ್ಲ, ಕಾಲಲ್ಲಿ ಚೆನ್ನಾಗಿ ಕೆದಕಬೇಕು. ನುಣ್ಣಗೆ, ತಣ್ಣಗೆ ಇವೆ."

"ಕೆದಕಿ ನೋಡಿದ್ರಾ?"

"ಹೂಂ. ಅವತ್ತೇ. ಷೂ ಬಿಚ್ಚಿ ಕೆದಕಿದ್ದೆ. ಮನೆಗೆ ಬಂದು ಅದನ್ನೇ ಹೇಳೋಣ ಅಂತಿದ್ದೆ."